ಒಂದೇ ಬೆಂಚು, ಮೂರು ದರ

ಬೆಂಗಳೂರಿನ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರ ಕಂಪ್ಯೂಟರ್ ಸೈನ್ಸ್ ತರಗತಿ. ಒಂದೇ ಬೆಂಚಿನಲ್ಲಿ ಮೂವರು ಕೂತಿದ್ದಾರೆ ಎಂದಿಟ್ಟುಕೊಳ್ಳಿ. ಮೇಷ್ಟ್ರು ಒಬ್ಬರೇ, ಪಠ್ಯ ಒಂದೇ, ಲ್ಯಾಬೂ ಒಂದೇ. ನಾಲ್ಕು ವರ್ಷದ ಕೊನೆಗೆ ಕೈಗೆ ಬರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪದವಿಯೂ ಒಂದೇ. ಆದರೆ ಗೋಡೆ ಕಡೆ ಕೂತ ಹುಡುಗ 2024-25ರಲ್ಲಿ ಕಟ್ಟಿದ್ದು ಸುಮಾರು 84,600 ರೂಪಾಯಿ. ನಡುವೆ ಕೂತ ಹುಡುಗಿ ಕಟ್ಟಿದ್ದು ಸುಮಾರು 2.61 ಲಕ್ಷ. ಕಿಟಕಿ ಪಕ್ಕದವನ ಮನೆಯವರು ಎಷ್ಟು ಕೊಟ್ಟರು ಎಂಬುದು ಅವರಿಗೂ ಕಾಲೇಜಿಗೂ ಮಾತ್ರ ಗೊತ್ತು.

ಮೊದಲನೆಯವನದು ಸರ್ಕಾರದ ಪ್ರವೇಶ ಪರೀಕ್ಷೆಯಾದ ಸಿಇಟಿಯ ಸೀಟು, ಎರಡನೆಯವಳದು ಖಾಸಗಿ ಕಾಲೇಜುಗಳ ಒಕ್ಕೂಟದ ಕಾಮೆಡ್‌-ಕೆ ಸೀಟು, ಮೂರನೆಯವನದು ಮ್ಯಾನೇಜ್‌ಮೆಂಟ್ ಸೀಟು. ಅಲ್ಪಸಂಖ್ಯಾತರ ಸಂಸ್ಥೆಗಳನ್ನು ಬಿಟ್ಟರೆ, ಅನುದಾನವಿಲ್ಲದ ಖಾಸಗಿ ಕಾಲೇಜುಗಳಲ್ಲಿ ನೂರಕ್ಕೆ 45 ಸೀಟು ಸರ್ಕಾರಕ್ಕೆ, 30 ಕಾಮೆಡ್‌-ಕೆಗೆ, 25 ಆಡಳಿತ ಮಂಡಳಿ ಮತ್ತು ಎನ್‌ಆರ್‌ಐ ಕೋಟಾಕ್ಕೆ ಎಂಬುದು ಸರ್ಕಾರ ಮತ್ತು ಕಾಲೇಜುಗಳ ಒಪ್ಪಂದ. ಮೊದಲೆರಡು ಬಗೆಯ ಸೀಟುಗಳಿಗೆ ಶುಲ್ಕದ ಮಿತಿ ಇದೆ. 2024-25ರಲ್ಲಿ ಆ ಮಿತಿ ಶೇ 10ರಷ್ಟು, ಮರುವರ್ಷ ಮತ್ತೆ ಶೇ 7.5ರಷ್ಟು ಏರಿತು. ಎರಡೂ ಸೇರಿದರೆ ಶೇ 18ಕ್ಕೂ ಮೇಲೆ. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಲೆಕ್ಕವೇ ಬೇರೆ.

ಶುಲ್ಕದ ಈ ಹಗ್ಗಜಗ್ಗಾಟಕ್ಕೆ ಹಳೆಯ ಇತಿಹಾಸವಿದೆ. ಬಿ.ಎಂ. ಶ್ರೀನಿವಾಸಯ್ಯನವರು ಬೆಂಗಳೂರಿನಲ್ಲಿ 1946ರಲ್ಲೇ ಖಾಸಗಿ ಎಂಜಿನಿಯರಿಂಗ್ ಕಾಲೇಜು ತೆರೆದಿದ್ದರು. ಮುಂದೆ ಕಾಲೇಜುಗಳು ಹೆಚ್ಚಿದವು, ಅದರ ಜೊತೆಗೆ 'ಡೊನೇಷನ್' ಎಂಬ ಪದ ಮನೆಮಾತಾಯಿತು. 1984ರಲ್ಲಿ ಕರ್ನಾಟಕ ಇದನ್ನು, ಅಂದರೆ ಸೀಟಿಗಾಗಿ ನಿಗದಿತ ಶುಲ್ಕಕ್ಕಿಂತ ಹೆಚ್ಚು ಪಡೆಯುವ ಕ್ಯಾಪಿಟೇಷನ್ ಶುಲ್ಕವನ್ನು, ನಿಷೇಧಿಸುವ ಕಾಯ್ದೆ ತಂದಿತು. ಆದರೆ ಉತ್ತರ ಪ್ರದೇಶದ ಮೀರತ್‌ನಿಂದ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದ ಮೋಹಿನಿ ಜೈನ್ ಅವರಿಗೆ ವರ್ಷಕ್ಕೆ 60,000 ರೂಪಾಯಿಯ ದರ ಎದುರಾಯಿತು. ಸರ್ಕಾರಿ ಸೀಟಿಗೆ ಆಗ ಇದ್ದದ್ದು 2,000 ರೂಪಾಯಿ. 1992ರಲ್ಲಿ ಸುಪ್ರೀಂ ಕೋರ್ಟ್ ಅವರ ಪ್ರಕರಣದಲ್ಲಿ ಇಂಥ ವಸೂಲಿಯನ್ನು ಕ್ಯಾಪಿಟೇಷನ್ ಶುಲ್ಕವೆಂದೇ ಕರೆದು, ಅದು ಸಲ್ಲದು ಎಂದಿತು. ಹತ್ತು ವರ್ಷದ ನಂತರ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಖಾಸಗಿ ಸಂಸ್ಥೆಗಳಿಗೆ ಶುಲ್ಕ ಗೊತ್ತುಮಾಡುವ ಸ್ವಾತಂತ್ರ್ಯ ಕೊಟ್ಟಿತು. ಲಾಭಕೋರತನಕ್ಕೆ ಮಾತ್ರ ಒಪ್ಪಲಿಲ್ಲ. ಕಾಲೇಜಿನ ಸಮಂಜಸ ಮಿಗತೆ ಎಲ್ಲಿ ಮುಗಿಯುತ್ತದೆ, ಲಾಭಕೋರತನ ಎಲ್ಲಿ ಶುರುವಾಗುತ್ತದೆ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ.

ಈಗ ಜುಲೈ ತಿಂಗಳಲ್ಲಿ ಯಾವುದಾದರೂ ತಾಲ್ಲೂಕು ಕೇಂದ್ರದ ಸೈಬರ್ ಅಂಗಡಿಗೆ ಹೋಗಿ ನೋಡಿ. ಮಗಳು ಪರದೆಯ ಮುಂದೆ ಸಿಇಟಿ ಸೀಟಿಗಾಗಿ ತನಗೆ ಬೇಕಾದ ಕಾಲೇಜುಗಳ ಪಟ್ಟಿ, ಅಂದರೆ ಆಪ್ಷನ್ ಎಂಟ್ರಿ, ತುಂಬುತ್ತಿರುತ್ತಾಳೆ. ಅಪ್ಪ ಹಿಂದೆ ನಿಂತು ಕಾಲೇಜಿನ ಹೆಸರಿಗಿಂತ ಮೊದಲು ಶುಲ್ಕದ ಅಂಕಿಯ ಮೇಲೆ ಕಣ್ಣಾಡಿಸುತ್ತಾನೆ. ಸೀಟು ಹಂಚಿಕೆಯಾದ ಮೇಲೆ ಚಾಯ್ಸ್ 1 ಒತ್ತಿದರೆ ಸೀಟು ಒಪ್ಪಿದಂತೆ, 2 ಎಂದರೆ ಕೈಯಲ್ಲಿದ್ದುದನ್ನು ಇಟ್ಟುಕೊಂಡೇ ಇನ್ನೂ ಒಳ್ಳೆಯದಕ್ಕೆ ಕಾದಂತೆ, 3 ಎಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ, 4 ಎಂದರೆ ಆಟದಿಂದಲೇ ಹೊರಕ್ಕೆ. ನಾಲ್ಕು ವರ್ಷದ ಖರ್ಚಿನ ಬಹುಪಾಲು ನಿರ್ಧಾರವಾಗುವುದು ಆ ಒಂದು ಒತ್ತಿನಲ್ಲಿ.

ಇದೇ ವ್ಯವಸ್ಥೆಯನ್ನು ದಂಧೆಕೋರರು ತಮಗೆ ಬೇಕಾದಂತೆ ಬಳಸಿಕೊಂಡದ್ದೂ ಉಂಟು. ಸೇರುವ ಉದ್ದೇಶವೇ ಇಲ್ಲದವರ ಹೆಸರಿನಲ್ಲಿ ಸಿಇಟಿ ಸೀಟು ಹಿಡಿದಿಟ್ಟು, ಸುತ್ತುಗಳು ಮುಗಿದ ಮೇಲೆ ಖಾಲಿ ಬಿಡಿಸಿದರೆ, ಅದು ಕಾಲೇಜಿನ ಕೈ ಸೇರುತ್ತದೆ. ಸಾವಿರಗಳ ಸೀಟು ಲಕ್ಷಗಳ ಸೀಟಾಗುತ್ತದೆ. ಈ 'ಸೀಟ್ ಬ್ಲಾಕಿಂಗ್' ಪ್ರಕರಣದಲ್ಲಿ 2024ರ ಕೊನೆಗೆ ಬೆಂಗಳೂರು ಪೊಲೀಸರು ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಸಿಬ್ಬಂದಿಯೊಬ್ಬರೂ ಸೇರಿದಂತೆ ಹಲವರನ್ನು ಬಂಧಿಸಿದ್ದರು.

ಬೋಧನಾ ಶುಲ್ಕ ಎಂಬುದು ಬಿಲ್ಲಿನ ಮೊದಲ ಸಾಲು ಅಷ್ಟೆ. ವಿಶ್ವವಿದ್ಯಾಲಯದ ಶುಲ್ಕ, ಪರೀಕ್ಷಾ ಶುಲ್ಕ, ಹಾಸ್ಟೆಲ್ ಅಥವಾ ಪಿ.ಜಿ., ಬಸ್ಸು, ಲ್ಯಾಪ್‌ಟಾಪ್ ಆಮೇಲೆ ಬರುತ್ತವೆ. ಹಲವು ಕಾಲೇಜುಗಳಲ್ಲಿ 'ಸ್ಕಿಲ್ ಲ್ಯಾಬ್', 'ಪ್ಲೇಸ್‌ಮೆಂಟ್ ತರಬೇತಿ' ಎಂಬ ಸಾಲುಗಳೂ ಸೇರಿಕೊಳ್ಳುತ್ತವೆ. ಊರಿನಿಂದ ಬೆಂಗಳೂರಿಗೆ ಬಂದ ಸಿಇಟಿ ವಿದ್ಯಾರ್ಥಿಗೆ ಎಷ್ಟೋ ಸಲ ಕಾಲೇಜಿಗಿಂತ ಊಟ, ವಸತಿಯೇ ದುಬಾರಿ.

ಇಷ್ಟಕ್ಕೆಲ್ಲ ಹಣ ಎಲ್ಲಿಂದ? ಸೈಟು ಮಾರುವವರಿದ್ದಾರೆ, ಒಡವೆ ಅಡ ಇಡುವವರಿದ್ದಾರೆ. ಮಿಕ್ಕವರು ಬ್ಯಾಂಕಿನ ಬಾಗಿಲು ತಟ್ಟುತ್ತಾರೆ. ಓದು ಮುಗಿದು ವರ್ಷವಾಗುವವರೆಗೆ ಕಂತು ಕಟ್ಟಬೇಕಿಲ್ಲ ಎಂಬುದು ಶಿಕ್ಷಣ ಸಾಲದ ಸಾಮಾನ್ಯ ನಿಯಮ. ಕಂತು ಇಲ್ಲವೆಂದರೆ ಬಡ್ಡಿ ಇಲ್ಲವೆಂದಲ್ಲ, ಅದು ಒಳಗೊಳಗೇ ಬೆಳೆಯುತ್ತಿರುತ್ತದೆ. ಶೇ 10ರ ಬಡ್ಡಿಗೆ 10 ಲಕ್ಷ ಸಾಲವನ್ನು ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳಿಗೆ ಸುಮಾರು 13,200 ರೂಪಾಯಿ ಕಂತು. ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಹೊಸಬರ ಸಂಬಳ ದಶಕಕ್ಕೂ ಹೆಚ್ಚು ಕಾಲದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಇದೆ. ಕಡಿತಕ್ಕೂ ಮುಂಚೆ ತಿಂಗಳಿಗೆ 29 ಸಾವಿರ ಎಂದಾಯಿತು. ಅದರಲ್ಲಿ ಅರ್ಧದ ಹತ್ತಿರ ಹತ್ತಿರ ಕಂತಿಗೇ ಹೋಗುತ್ತದೆ. ದೊಡ್ಡ ಪ್ಯಾಕೇಜಿನ ಹುಡುಗನ ಫೋಟೊ ಕಾಲೇಜಿನ ಫ್ಲೆಕ್ಸ್ ಮೇಲಿರುತ್ತದೆ. ಈ ಲೆಕ್ಕ ಅಲ್ಲಿರುವುದಿಲ್ಲ.

ಹಾಗೆಂದು ಕಡಿಮೆ ಖರ್ಚಿನ ದಾರಿಗಳೇ ಇಲ್ಲವೆಂದಲ್ಲ. ಕೋರ್ಸುಗಳಲ್ಲಿ ಶೇ 5ರಷ್ಟು ಹೆಚ್ಚುವರಿ (ಸೂಪರ್‌ನ್ಯೂಮರರಿ ಕೋಟಾ) ಎಸ್‌ಎನ್‌ಕ್ಯೂ ಸೀಟುಗಳಿರುತ್ತವೆ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು ರ‍್ಯಾಂಕ್ ಚೆನ್ನಾಗಿದ್ದರೆ ಅಲ್ಲಿ ಬೋಧನಾ ಶುಲ್ಕವೇ ಇಲ್ಲ. ಆದರೆ ಇದಕ್ಕೆ ಆದಾಯ ಪ್ರಮಾಣಪತ್ರ ಮೊದಲೇ ಕೈಯಲ್ಲಿರಬೇಕು. ಎಷ್ಟೋ ಅರ್ಹರು ಈ ಅವಕಾಶ ಕಳೆದುಕೊಳ್ಳುವುದು ನಾಡಕಚೇರಿಗೆ ತಡವಾಗಿ ಹೋದ ಒಂದೇ ಕಾರಣಕ್ಕೆ.

ಈ ವರ್ಷ ಮಕ್ಕಳನ್ನು ಸೇರಿಸುವವರು ಕಾಲೇಜಿನ ಕಚೇರಿಯಲ್ಲಿ ಮೊದಲ ವರ್ಷದ ಶುಲ್ಕವನ್ನಷ್ಟೇ ಕೇಳಿ ಬರಬೇಡಿ. ನಾಲ್ಕು ವರ್ಷದ ಒಟ್ಟು ಮೊತ್ತ, ಪ್ರತಿ ವರ್ಷ ಏರುವ ಪ್ರಮಾಣ, 'ಇತರೆ' ಎಂಬ ಸಾಲಿನ ವಿವರ, ಇಷ್ಟನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ತರಗತಿ ಶುರುವಾಗುವ ಮುಂಚೆ ಸೀಟು ಬಿಟ್ಟರೆ 1,000 ರೂಪಾಯಿಗಿಂತ ಹೆಚ್ಚು ಹಿಡಿದುಕೊಳ್ಳುವಂತಿಲ್ಲ, ಮೂಲ ಅಂಕಪಟ್ಟಿಯನ್ನೂ ಇಟ್ಟುಕೊಳ್ಳುವಂತಿಲ್ಲ ಎಂಬುದು ತಾಂತ್ರಿಕ ಶಿಕ್ಷಣದ ನಿಯಂತ್ರಕ ಸಂಸ್ಥೆ ಎಐಸಿಟಿಇಯ ನಿಯಮ.