ಬಾರದ ಹಕ್ಕಿಯ ಲೆಕ್ಕ

ನಿಸರ್ಗವನ್ನು ನೋಡುವುದಕ್ಕೂ ಗಮನಿಸುವುದಕ್ಕೂ ಅಂತರವುಂಟು. ನನಗೆ ಅದನ್ನು ಕಲಿಸಿದುದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ. ಶಿಂಷಾ ನದಿಗೆ ಅಲ್ಲಿ ಕಟ್ಟಿರುವ ಅಣೆಕಟ್ಟು ತನ್ನ ಸೈಫನ್‌ಗಳಿಗೆ ಹೆಸರಾದುದು; ಜಲಾಶಯ ತುಂಬಿದಾಗ ಹೆಚ್ಚುವರಿ ನೀರು ತಾನಾಗಿಯೇ ಹೊರಹರಿಯುತ್ತದೆ. ಬಾಲ್ಯದಲ್ಲಿ ಆ ಸೋಜಿಗವನ್ನು ನೋಡಲು ಹೋದವನು ದಡದ ಹಕ್ಕಿಗಳಿಗೆ ಮನಸೋತೆ. ಲೆಕ್ಕದ ನೋಟ್‌ಬುಕ್ಕಿನ ಹಿಂಬದಿಯ ಹಾಳೆಗಳಲ್ಲಿ ದಿನಾಂಕ, ಹೊತ್ತು, ಕಂಡ ಹಕ್ಕಿ, ಅದರ ಎಣಿಕೆ ಇಷ್ಟನ್ನು ಬರೆದಿಡುವ ರೂಢಿ ಹತ್ತಿತು.

ನಿವೃತ್ತಿಯ ಬಳಿಕ ಕ್ಯಾಮೆರಾ ಕೈಗೆ ಬಂದಿತು. ಮಿಂಚುಳ್ಳಿಯ ರೆಕ್ಕೆಯ ನೀಲಿಯನ್ನು ನನ್ನ ಮಾತು ಹಿಡಿಯಲಾರದು, ಕ್ಯಾಮೆರಾ ಹಿಡಿದೀತು. ಆದರೂ ಹಳೆಯ ನೋಟ್‌ಬುಕ್ಕನ್ನು ತೆರೆದಾಗ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು: ‘ಇಂದೂ ಕೊಕ್ಕರೆ ಬರಲಿಲ್ಲ.’ ಬಾರದ ಹಕ್ಕಿಯ ಚಿತ್ರವನ್ನು ತೆಗೆಯುವುದೆಂತು? ನನ್ನ ನೂರಾರು ಚಿತ್ರಗಳನ್ನು ಕಂಡವರಿಗೆ ಆ ಜಲಾಶಯ ಸದಾ ಹಕ್ಕಿಗಳಿಂದ ತುಂಬಿರುವಂತೆಯೇ ತೋರೀತು.

ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅಂದು ಇದ್ದುದೇನು, ಇಂದು ಇಲ್ಲವಾದುದೇನು ಎಂಬುದನ್ನು ಅಂತಹ ದಾಖಲೆಗಳಿಂದಲೇ ಅಳೆಯಬೇಕು. ಇದೇ ಶಿಂಷೆಯ ಕೆಳಹರಿವಿನಲ್ಲಿ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ, ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಒಂದು ವರ್ಷ ಅವು ತಡವಾಗಿ ಬಂದವೆಂದು ಹೇಳಬೇಕಾದರೂ ಹಿಂದಿನ ವರ್ಷಗಳ ದಿನಾಂಕ ಬೇಕಲ್ಲವೆ?

ಆದಕಾರಣ ನನ್ನ ಕ್ಯಾಮೆರಾದ ಚೀಲದಲ್ಲಿ ಈಗಲೂ ಒಂದು ನೋಟ್‌ಬುಕ್ ಇರುತ್ತದೆ. ಹಕ್ಕಿಯೊಂದೂ ಕಾಣದೆ ಮರಳಿದ ದಿನವೂ ಬರೆಯಲು ಒಂದು ಸಾಲು ಇದ್ದೇ ಇರುತ್ತದೆ.