‘ಸಾಕು’ ಅನ್ನೋರು ಯಾರು?

ದಾವಣಗೆರೆಯ ಮಂಡಿಪೇಟೆಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಷಟರ್‌ಗಳು ದಡದಡನೆ ಕೆಳಗಿಳಿಯುತ್ತವೆ. ಗಲ್ಲಾ ಎಣಿಸಿ, ಲೈಟು ಆರಿಸಿ, ಬೀಗವನ್ನು ಎರಡು ಸಲ ಜಗ್ಗಿ ನೋಡಿ ವ್ಯಾಪಾರಸ್ಥರು ಮನೆ ದಾರಿ ಹಿಡಿಯುತ್ತಾರೆ. ಪಿ.ಬಿ. ರಸ್ತೆಯ ಬಾರುಗಳಲ್ಲಿ ವ್ಯಾಪಾರ ಕಾವೇರುವುದು ಅದೇ ಹೊತ್ತಿಗೆ. ಬಾರಿನ ಮಗ್ಗುಲಲ್ಲಿ ಅಂಗಡಿ ಇಟ್ಟವರ ಬೆಳಗಿನ ಮೊದಲ ಕೆಲಸ ಏನೆಂದು ಯಾರೂ ಹೇಳಬೇಕಾಗಿಲ್ಲ: ಮೆಟ್ಟಿಲ ಮೇಲೆ ಯಾರೋ ಕಾರಿಕೊಂಡದ್ದಕ್ಕೆ ಬಕೆಟ್ ನೀರು. ಹರಿಹರದ ಕೊನೇ ಬಸ್ಸಿಗೆ ಕಾದು ನಿಂತವರಿಗೆ ಇನ್ನೊಂದು ಅಂಜಿಕೆ. ಪಕ್ಕದ ಸೀಟಿಗೆ ಯಾವ ಪುಣ್ಯಾತ್ಮ ಬಂದು ಕುಸಿಯುತ್ತಾನೋ, ಯಾರ ಹೆಗಲ ಮೇಲೆ ತಲೆ ಇಡುತ್ತಾನೋ!

ಎಲ್ಲರೂ ಬೈಯುವುದು ಕುಡಿದವನನ್ನು. ಬೈಯಲಿ, ತಪ್ಪಿಲ್ಲ. ಆದರೆ ಅವನ ಲೋಟಕ್ಕೆ ಸುರಿದವರು ಒಬ್ಬರು ಇದ್ದಾರಲ್ಲ! ಮೂರನೆಯದಾದ ಮೇಲೆ ನಾಲ್ಕು, ನಾಲ್ಕಾದ ಮೇಲೆ ಐದು ಅಂತ ತಂದಿಟ್ಟವರು ಇದ್ದಾರಲ್ಲ! ಅವರನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಅವರೇನು ಹೇಳಿಯಾರು ಎಂಬುದನ್ನೂ ಯಾರೂ ಯೋಚಿಸಿದಂತಿಲ್ಲ.

ಕಾಗದದಲ್ಲಿ ಉಂಟು

ಕಾನೂನು ಇಲ್ಲ ಎಂದಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ. 1967ರಲ್ಲಿ ಬಂದ ಲೈಸೆನ್ಸ್ ಷರತ್ತುಗಳ ನಿಯಮಗಳಿವೆ. ಅಮಲೇರಿದವನಿಗೆ ಮತ್ತೆ ಮದ್ಯ ಮಾರಕೂಡದು ಎನ್ನುವುದು ಲೈಸೆನ್ಸಿಗೆ ಅಂಟಿಕೊಂಡೇ ಬರುವ ಷರತ್ತು. ವಯಸ್ಸಿನ ವಿಚಾರದಲ್ಲಿ ಮಾತ್ರ ಒಂದು ತಮಾಷೆ ಇದೆ. ಕಾಯ್ದೆಯಲ್ಲಿ 18 ಎಂದಿದೆ, ನಿಯಮದಲ್ಲಿ 21. ಇದನ್ನು 18ಕ್ಕೇ ಇಳಿಸಿಬಿಡೋಣ ಎಂದು 2023ರ ಜನವರಿಯಲ್ಲಿ ಸರ್ಕಾರ ಕರಡು ಹೊರಡಿಸಿತ್ತು. ಜನ ಗದ್ದಲ ಎಬ್ಬಿಸಿದ ಮೇಲೆ ಅದೇ ತಿಂಗಳು ಹಿಂದಕ್ಕೆ ತೆಗೆದುಕೊಂಡಿತು. ಹಾಗಾಗಿ 21 ಆಗದ ಹುಡುಗನಿಗೆ ಕೊಡುವಂತಿಲ್ಲ.

ಬಸ್ಸಿನ ಕಂಡಕ್ಟರನ್ನು ನೋಡಿ. ಕುಡಿದು ಗಲಾಟೆ ಮಾಡುವವನನ್ನು ‘ಇಳಿಯಪ್ಪಾ’ ಎನ್ನುವ ಅಧಿಕಾರ ಅವನಿಗಿದೆ. ಕೈಯಲ್ಲಿ ಸೀಟಿ ಇದೆ, ಮೈಮೇಲೆ ಖಾಕಿ ಇದೆ, ಬೆನ್ನಿಗೆ ನಿಗಮ ಇದೆ, ಮುಂದೆ ಡ್ರೈವರ್ ಇದ್ದಾನೆ. ಸೀಟಿ ಊದಿದರೆ ಬಸ್ಸೇ ನಿಲ್ಲುತ್ತದೆ. ಬಾರಿನ ಸಪ್ಲೈಯರ್ ಮೇಲೂ ಹೆಚ್ಚುಕಡಿಮೆ ಅಂಥದ್ದೇ ಕರ್ತವ್ಯ ಬಿದ್ದಿದೆ, ಆದರೆ ಅವನ ಕೈಯಲ್ಲಿರುವುದು ಒಂದು ಟ್ರೇ, ಹೆಗಲ ಮೇಲೆ ಒಂದು ಒದ್ದೆ ಬಟ್ಟೆ.

ಈ ಸಪ್ಲೈಯರ್ ಯಾರು? ಜಗಳೂರು ಕಡೆಯವನೋ ಚನ್ನಗಿರಿ ಕಡೆಯವನೋ, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಮಲಗುವುದು ಬಾರಿನ ಮೇಲಿನ ಕೋಣೆಯಲ್ಲೇ. ಸಂಬಳಕ್ಕಿಂತ ಟಿಪ್ಸಿನ ಮೇಲೆ ಜೀವನ. ಬಿಲ್ಲು ದೊಡ್ಡದಾದಷ್ಟೂ ಟಿಪ್ಸು ದೊಡ್ಡದು. ಅವನಿಗೆ ಯಾರಾದರೂ ಕಲಿಸಿದ್ದರೆ ಟೇಬಲ್ ಒರೆಸುವುದು, ಪೆಗ್ ಅಳೆಯುವುದು, ಬಿಲ್ ತಪ್ಪದಂತೆ ಬರೆಯುವುದು, ಇಷ್ಟೇ. ಹೋಟೆಲಿನ ಅಡುಗೆಮನೆಗಾದರೆ ಆಹಾರ ಸುರಕ್ಷತಾ ಪ್ರಾಧಿಕಾರ 25 ಜನ ಕೆಲಸಗಾರರಿಗೊಬ್ಬ ತರಬೇತಾದ ಮೇಲ್ವಿಚಾರಕ ಇರಲಿ ಎನ್ನುತ್ತದೆ. ಇಡ್ಲಿ ಬೇಯಿಸಲು ತರಬೇತಿ, ವಿಸ್ಕಿ ಸುರಿಯಲು ಏನೂ ಬೇಡ!

ಇಂಥ ಹುಡುಗ, ತನ್ನ ಅಪ್ಪನ ವಯಸ್ಸಿನ ಗಿರಾಕಿಗೆ, ಅದೂ ನಾಲ್ಕು ಜನ ಸ್ನೇಹಿತರ ಮುಂದೆ, ‘ಇನ್ ಸಾಕು ಬಿಡ್ರಿ ಅಣ್ಣಾರೆ’ ಎನ್ನಬೇಕು. ಅಂದರೆ? ‘ನೀನ್ಯಾವನಲೇ ಹೇಳಾಕೆ? ರೊಕ್ಕ ಏನ್ ನಿಮ್ಮಪ್ಪ ಕೊಡ್ತಾನೇನು?’ ಅಂತ ಮೊದಲ ಪ್ರಶ್ನೆ. ‘ಕರಿಯಲೇ ನಿಮ್ ಓನರ್‌ನ’ ಅಂತ ಎರಡನೆಯದು. ಓನರ್ ಬಂದು ಏನನ್ನುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬಹುಪಾಲು ಕಡೆ ಅವರು ಅನ್ನುವುದು, ‘ಹೋಗ್ಲಿ ಬಿಡಿ ಸಾರ್, ಹುಡುಗನಿಗೆ ಗೊತ್ತಾಗ್ಲಿಲ್ಲ. ಏಯ್, ಸಾರ್‌ಗೆ ಏನ್ ಬೇಕೋ ತಂದ್‌ಕೊಡೋ.’ ಅವತ್ತಿಗೆ ಆ ಹುಡುಗನ ಬಾಯಿ ಮುಚ್ಚಿತು. ನಾಳೆಯಿಂದ ಅವನು ಯಾರಿಗೂ ಸಾಕು ಎನ್ನುವುದಿಲ್ಲ.

ಲೆಕ್ಕ ಗೊತ್ತಿದ್ದರೆ ತಾನೆ

ಸಾಕು ಎನ್ನಬೇಕಾದರೆ ಎಷ್ಟಾಯಿತು ಎಂಬ ಲೆಕ್ಕ ಬೇಕು. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮು, ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇ. 42.8 ಮದ್ಯಸಾರ. 30 ಮಿ.ಲೀ. ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ. ಇಷ್ಟನ್ನು ಕರಗಿಸಲು ಯಕೃತ್ತಿಗೆ ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯುತ್ತದೆ. ಒಂದು ಕ್ವಾರ್ಟರ್ ಎಂದರೆ 180 ಮಿ.ಲೀ., ಅಂದರೆ ಆರು ಸಣ್ಣ ಪೆಗ್ಗು, ಆರು ಗಂಟೆಯ ಕೆಲಸ. ರಾತ್ರಿ ಹನ್ನೊಂದಕ್ಕೆ ಎರಡು ಕ್ವಾರ್ಟರ್ ಮುಗಿಸಿ ಎದ್ದವನ ನೆತ್ತರಲ್ಲಿ ಬೆಳಿಗ್ಗೆ ಆರಕ್ಕೂ ಅಮಲು ಉಳಿದಿರುತ್ತದೆ. ಅವನು ಲಾರಿಯ ಸ್ಟೀರಿಂಗ್ ಹಿಡಿಯುವವನಾದರೆ ಆ ಬೆಳಿಗ್ಗೆ ರಸ್ತೆಗಿಳಿದವರ ಅದೃಷ್ಟ ಅವರವರ ಹಣೆಬರಹ.

‘ಏ, ನಾನು ಬರೀ ಬೀರು’ ಎನ್ನುವವರ ಪಂಗಡ ಬೇರೆ. ಶೇ. 8ರ ಸ್ಟ್ರಾಂಗ್ ಬೀರಿನ 650 ಮಿ.ಲೀ. ಬಾಟಲಿಯಲ್ಲಿ ನಾಲ್ಕು ಸಣ್ಣ ಪೆಗ್ಗಿನಷ್ಟು ಮದ್ಯಸಾರ ಇದೆ. ಮೂರು ಬಾಟಲಿ ಬೀರು ಕುಡಿದವನು ಎರಡು ಕ್ವಾರ್ಟರ್ ಕುಡಿದವನಿಗೆ ಸಮ. ಇದು ಗಿರಾಕಿಗೆ ಗೊತ್ತಿಲ್ಲ, ಸರಿ. ತಂದಿಡುವವನಿಗೂ ಗೊತ್ತಿಲ್ಲ ಎನ್ನುವುದೇ ಕಷ್ಟ.

ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ. ಅರವತ್ತೈದು ಕಿಲೋ ತೂಕದ ಆಳು ಹಸಿದ ಹೊಟ್ಟೆಯಲ್ಲಿ ಅರ್ಧ ಗಂಟೆಯೊಳಗೆ ಒಂದು ಲಾರ್ಜ್ ಇಳಿಸಿದರೆ ಆ ಮಿತಿ ದಾಟಿಬಿಡಬಹುದು. 2019ರ ಸೆಪ್ಟೆಂಬರ್‌ನಿಂದ ಮೊದಲ ಸಲಕ್ಕೇ 10 ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 15 ಸಾವಿರ, ಎರಡು ವರ್ಷದವರೆಗೆ ಜೈಲು. ಕುಡಿದದ್ದನ್ನು ಇಳಿಸಲು ಮಜ್ಜಿಗೆ, ಲಿಂಬೆಹುಳಿ, ಖಡಕ್ ಕಾಫಿ, ತಣ್ಣೀರ ಸ್ನಾನ ಎಂದು ನೂರೆಂಟು ಮದ್ದು ಹೇಳುವವರಿದ್ದಾರೆ. ಯಾವುದೂ ಯಕೃತ್ತಿನ ಕೆಲಸವನ್ನು ಒಂದು ನಿಮಿಷವೂ ಬೇಗ ಮಾಡಿಸುವುದಿಲ್ಲ. ಕಾಫಿ ಕುಡಿಸಿದರೆ ನಿದ್ದೆಗಣ್ಣಿನ ಕುಡುಕ ಹೋಗಿ ಎಚ್ಚರದ ಕುಡುಕ ಬರುತ್ತಾನೆ, ಅಷ್ಟೆ. ಗಾಡಿ ಹತ್ತುವ ಧೈರ್ಯ ಅವನಿಗೇ ಹೆಚ್ಚು.

ಹೆದ್ದಾರಿ ಬದಿಯ ಅಂಗಡಿಗಳ ಮೇಲೆ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಆದೇಶ ಮಾಡಿದಾಗ 500 ಮೀಟರ್, 220 ಮೀಟರ್ ಎಂದು ಟೇಪು ಹಿಡಿದು ಓಡಾಡಿದ್ದೇ ಓಡಾಡಿದ್ದು. 2017ರ ಜುಲೈನಲ್ಲಿ ನಗರಸಭೆ, ಪಾಲಿಕೆ ವ್ಯಾಪ್ತಿಗೆ ಇದು ಬರುವುದಿಲ್ಲ ಎಂದಾದ ಮೇಲೆ ಟೇಪು ಒಳಗೆ ಹೋಯಿತು. ಬಾಗಿಲಿಂದ ರಸ್ತೆಗೆ ಎಷ್ಟು ದೂರ ಎಂದು ಅಳೆದರು. ಬಾಗಿಲು ದಾಟಿ ಬರುವವನ ಹೊಟ್ಟೆಯಲ್ಲಿ ಎಷ್ಟಿದೆ ಎಂದು ಅಳೆಯುವವರು ಆಗಲೂ ಇರಲಿಲ್ಲ.

ಹೇಳುವ ಬಗೆ

ಪಳಗಿದ ಸಪ್ಲೈಯರ್‌ಗೆ ಮೀಟರ್ ಬೇಕಾಗಿಲ್ಲ. ಹೇಳಿದ್ದನ್ನೇ ಹೇಳುವುದು, ದನಿ ಏರುವುದು, ಶೇಂಗಾ ಎತ್ತಿಕೊಳ್ಳಲು ಹೋದ ಕೈ ತಟ್ಟೆಯ ಪಕ್ಕಕ್ಕೆ ಬೀಳುವುದು, ನೂರರ ನೋಟೂ ಐನೂರರ ನೋಟೂ ಒಂದೇ ಆಗಿ ಕಾಣುವುದು, ಇವೇ ಗುರುತು. ಆದರೆ ಇಷ್ಟು ಕಂಡ ಮೇಲೆ ಸಾಕು ಎನ್ನಲು ಹೊರಟರೆ ಜಗಳ ಖಂಡಿತ. ಜಾಣತನ ಇರುವುದು ಮುಂಚೆಯೇ ನಿಧಾನ ಮಾಡುವುದರಲ್ಲಿ. ಕುಳಿತ ಕೂಡಲೇ ಜಗ್ಗಿನಲ್ಲಿ ನೀರು. ಎರಡನೇ ಪೆಗ್ಗಿಗೆ ಮುಂಚೆ ‘ಊಟಕ್ಕೇನ್ ಹೇಳ್ಲಿ ಅಣ್ಣಾ?’ ಅಂತ ಒಂದು ಮಾತು. ಲೋಟ ಖಾಲಿಯಾಗುವ ಮೊದಲೇ ಬಾಟಲಿ ಬಗ್ಗಿಸದಿರುವುದು. ಹೊಟ್ಟೆಯಲ್ಲಿ ಮೊಟ್ಟೆಯೋ ಚಪಾತಿಯೋ ಅನ್ನವೋ ಇದ್ದರೆ ಅಮಲು ನಿಧಾನ ಏರುತ್ತದೆ. ಪುಕ್ಕಟೆ ಕೊಡುವ ಉಪ್ಪುಶೇಂಗಾ, ಖಾರ ಮಂಡಕ್ಕಿಯ ಕಥೆ ಬೇರೆ. ಅದು ಬಾಯಾರಿಸಲು ಇಟ್ಟದ್ದು, ಧರ್ಮಕ್ಕೆ ಕೊಟ್ಟದ್ದಲ್ಲ.

ಕೊನೆಗೆ ನಿಲ್ಲಿಸಲೇಬೇಕಾದಾಗ ‘ನೀವು ಬಹಳ ಕುಡಿದಿದ್ದೀರಿ’ ಎನ್ನುವುದು ಜಗಳಕ್ಕೆ ವೀಳ್ಯ ಕೊಟ್ಟಂತೆ. ಟೇಬಲ್ಲಿನಲ್ಲಿ ಎಚ್ಚರವಿರುವ ಸ್ನೇಹಿತನನ್ನು ಪಕ್ಕಕ್ಕೆ ಕರೆದು ಅವನ ಕಿವಿಗೆ ಹಾಕುವುದು ಮೇಲು. ಅಥವಾ ‘ರೂಲ್ಸ್ ಐತ್ರಿ ಅಣ್ಣಾರೆ, ಕೊಟ್ರೆ ನನ್ ಕೆಲ್ಸ ಹೋಗ್ತದ’ ಎನ್ನುವುದು. ಇದು ಸುಳ್ಳಲ್ಲ, ಗಿರಾಕಿಯ ಮರ್ಯಾದೆಗೂ ಧಕ್ಕೆಯಿಲ್ಲ. ಮೀಸೆ ಚಿಗುರದ ಹುಡುಗ ಬಂದು ಕುಳಿತರೆ ಕಾರ್ಡು ತೋರಿಸು ಎನ್ನಲು ನಾಚಿಕೆ ಏಕೆ? ಸಿಮ್ ಕೊಳ್ಳಲು ಆಧಾರ್ ತೋರಿಸುವವನು ಇದಕ್ಕೂ ತೋರಿಸಲಿ.

ಹೊರಗೆ ಹಾಕಿದರೆ ಮುಗಿಯಿತೇ?

ಗಲಾಟೆ ಮಾಡಿದವನನ್ನು ಕುತ್ತಿಗೆ ಹಿಡಿದು ಹೊರಗೆ ದಬ್ಬಿ ಬಾಗಿಲು ಹಾಕಿಕೊಳ್ಳುವುದು ನಮ್ಮಲ್ಲಿ ರೂಢಿ. ಹೊರಗೆ ಬಿದ್ದವನು ಮಗ್ಗುಲ ಅಂಗಡಿಯ ಮೆಟ್ಟಿಲಿಗೆ, ಬಸ್ ನಿಲ್ದಾಣದ ಬೆಂಚಿಗೆ, ಇಲ್ಲವೇ ಲಾರಿಯ ಚಕ್ರಕ್ಕೆ! ಈ ಬಗ್ಗೆ ಕೆನಡಾ ದೇಶದಲ್ಲಿ ನಡೆದ ಒಂದು ಮೊಕದ್ದಮೆ ಕೇಳುವಂಥದ್ದು. 1968ರಲ್ಲಿ ಅಲ್ಲಿನ ಹೋಟೆಲೊಂದು, ಕುಡಿದರೆ ಮೈಮೇಲೆ ಪ್ರಜ್ಞೆ ಇರದವನೆಂದು ತನಗೇ ಗೊತ್ತಿದ್ದ ಗಿರಾಕಿಗೆ ಸಾಲಾಗಿ ಸುರಿದು ಕೊನೆಗೆ ರಾತ್ರಿಯಲ್ಲಿ ಹೊರಗೆ ಹಾಕಿತು. ಹೆದ್ದಾರಿಯಲ್ಲಿ ನಡೆದು ಹೋಗುತ್ತಿದ್ದವನಿಗೆ ಕಾರು ಬಡಿಯಿತು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ತಪ್ಪು ಮೂರು ಪಾಲು: ಕುಡಿದವನದೊಂದು, ಕಾರಿನವನದೊಂದು, ಹೋಟೆಲಿನದೊಂದು. ಒಂದು ಆಟೋ ಕರೆಸಿದ್ದರೆ, ಇಲ್ಲವೇ ಪೊಲೀಸರಿಗೆ ಫೋನ್ ಮಾಡಿದ್ದರೆ ಆ ಮೂರನೇ ಪಾಲು ಹೋಟೆಲಿಗೆ ಬೀಳುತ್ತಿರಲಿಲ್ಲ.

ಕೆನಡಾ ದೂರವಾಯಿತೇ? ಹಾಗಿದ್ದರೆ ಇದೇ ಪಿ.ಬಿ. ರಸ್ತೆಯ ಆ ತುದಿಗೆ, ಪುಣೆಗೆ ಹೋಗೋಣ. 2024ರ ಮೇ 19ರ ನಸುಕಿನಲ್ಲಿ ಹದಿನೇಳು ವರ್ಷದ ಹುಡುಗ ಓಡಿಸುತ್ತಿದ್ದನೆನ್ನಲಾದ ಕಾರು ಬೈಕಿಗೆ ಬಡಿದು ಇಬ್ಬರು ಎಳೆ ಇಂಜಿನಿಯರುಗಳು ಸತ್ತರು. ಅದಕ್ಕೆ ಮುಂಚೆ ಅವನು ಎರಡು ಬಾರುಗಳಲ್ಲಿ ಕುಳಿತಿದ್ದ ಎಂದು ಪೊಲೀಸರು ಹೇಳಿದರು. ಹುಡುಗನ ತಂದೆಯೊಂದಿಗೆ ಬಾರಿನ ಕಡೆಯವರನ್ನೂ, ಮಾಲೀಕರು, ಮ್ಯಾನೇಜರುಗಳು ಎನ್ನದೆ ಬಂಧಿಸಲಾಯಿತು. ಎರಡೂ ಕಡೆ ಬೀಗ ಬಿತ್ತು. ಹುಡುಗನ ವಯಸ್ಸು ಕೇಳಲು ಆ ರಾತ್ರಿ ಯಾರಿಗಾದರೂ ಅರ್ಧ ನಿಮಿಷ ಸಾಕಾಗಿತ್ತು.

ಇನ್ನೊಂದು ಸಂಗತಿ. ಟೇಬಲ್ಲಿಗೆ ತಲೆ ಕೊಟ್ಟು ಮಲಗಿದವನನ್ನು ‘ಮಲಗ್ಲಿ ಬಿಡು, ಇಳೀತದ’ ಎಂದು ಬಿಡುವುದು ಅಪಾಯ. ಅಲುಗಾಡಿಸಿದರೂ ಏಳದೆ, ಮೈ ತಣ್ಣಗಾಗಿ, ಉಸಿರು ತಡೆದು ತಡೆದು ಬರುತ್ತಿದ್ದರೆ ಅದು ನಿದ್ದೆಯಲ್ಲ. ಅಂಗಾತ ಮಲಗಿಸಿದರೆ ವಾಂತಿ ಉಸಿರುಗೊಳವೆಗೆ ಹೋಗಿ ಸತ್ತೇ ಹೋಗಬಹುದು. ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, 108ಕ್ಕೆ ಫೋನ್ ಮಾಡಬೇಕು, ಗಾಡಿ ಬರುವವರೆಗೆ ಒಬ್ಬರು ಹತ್ತಿರ ಇರಬೇಕು. ನೀರು ಕುಡಿಸುವುದಕ್ಕೂ ಬಾಯಿಗೆ ಬೆರಳು ಹಾಕುವುದಕ್ಕೂ ಹೋಗಬಾರದು.

ಗಲ್ಲಾದ ಹಿಂದಿನ ಮಾತು

ಮಾಲೀಕರ ಕಷ್ಟವೂ ಇದೆ. ಲೈಸೆನ್ಸ್ ಶುಲ್ಕ, ಬಾಡಿಗೆ, ಕರೆಂಟು, ಮೇಲಿಂದ ಮೇಲೆ ಏರುವ ತೆರಿಗೆ. ಪಕ್ಕದ ಬಾರಿನವನು ಕೊಡುವಾಗ ನಾನೊಬ್ಬ ಸತ್ಯಹರಿಶ್ಚಂದ್ರ ಆದರೆ ಗಿರಾಕಿ ರಸ್ತೆ ದಾಟಿ ಅಲ್ಲಿಗೆ ಹೋಗುತ್ತಾನೆ ಎಂಬ ಮಾತು ಸುಳ್ಳಲ್ಲ. ಸರ್ಕಾರಕ್ಕೂ ಅಬಕಾರಿಯಿಂದ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಬರುವಾಗ ಕಡಿಮೆ ಮಾರಿ ಎಂದು ಅದು ಯಾವ ಬಾಯಿಂದ ಹೇಳೀತು? ಆದರೆ ಲೈಸೆನ್ಸ್ ಇರುವುದು ಮಾಲೀಕರ ಹೆಸರಿನಲ್ಲಿ. ರದ್ದಾದರೆ ಹೋಗುವುದೂ ಅವರದೇ. ಐದನೇ ಪೆಗ್ಗಿನ ಲಾಭ ಒಂದು ಕಡೆ, ಒಡೆದ ಕುರ್ಚಿ, ಎದ್ದು ಹೋದ ಸಂಸಾರಸ್ಥ ಗಿರಾಕಿಗಳು, ಠಾಣೆಗೆ ಅಲೆದಾಟ ಇನ್ನೊಂದು ಕಡೆ. ಇದನ್ನು ಮಂಡಿಪೇಟೆಯ ಯಾವ ಗುಮಾಸ್ತನನ್ನು ಕೇಳಿದರೂ ಲೆಕ್ಕ ಹಾಕಿ ಹೇಳಿಯಾನು.

ಲೈಸೆನ್ಸ್ ವರ್ಷ ಜುಲೈ 1ಕ್ಕೆ ಹೊಸದಾಗುತ್ತದೆ. ಒಂದು ರಸ್ತೆಯ ನಾಲ್ಕೈದು ಬಾರಿನವರು ಅದಕ್ಕೆ ಮುಂಚೆ ಒಂದು ಸಂಜೆ ಕೂತು ಮಾತಾಡಿಕೊಂಡರೆ, ಒಬ್ಬರು ಸಾಕು ಎಂದವನಿಗೆ ಇನ್ನೊಬ್ಬರೂ ಕೊಡುವುದಿಲ್ಲ ಎಂದಾದೀತು. ಗೋಡೆಗೆ ಪೆಗ್ಗಿನ ಲೆಕ್ಕದ ಒಂದು ಹಾಳೆ, ಗಲ್ಲಾದ ಬಳಿ ರಾತ್ರಿ ಓಡುವ ಎರಡು ಆಟೋದವರ ನಂಬರ್, ಗಾಡಿಯ ಬೀಗದಕೈ ಇಸಿದುಕೊಂಡು ಇಡಲು ಒಂದು ಡ್ರಾಯರು. ಖರ್ಚು ಏನೂ ಇಲ್ಲ. ಇವೆಲ್ಲಕ್ಕಿಂತ ಮೊದಲು ಬೇಕಾದದ್ದು, ಗಿರಾಕಿ ‘ಕರಿಯಲೇ ಓನರ್‌ನ’ ಎಂದು ಕೂಗಿದಾಗ ಓನರ್ ಎದ್ದು ಬಂದು, ಹುಡುಗನ ಪಕ್ಕ ನಿಂತು, ‘ಅವ ಹೇಳಿದ್ದು ಸರಿ ಐತ್ರಿ. ಆಟೋ ಬಂದೈತಿ, ನಡೀರಿ’ ಎನ್ನುವುದು.