ಮೆತ್ತಿದರೆ ನೀರು ನಿಲ್ಲುವುದಿಲ್ಲ

‘ಜಾಯಿಂಟ್ ಕಂಡಲ್ಲೆಲ್ಲ ಎಂ-ಸೀಲ್ ಮೆತ್ತಿಬಿಡ್ರಿ, ಒಂದ್ ಹನಿ ನೀರ ಒಳಗ ಹೋಗಂಗಿಲ್ಲ.’ ಕಾಗವಾಡ ಸೀಮೆಯಲ್ಲಿ ಹಳೆಯ ಅಂಬಾಸಿಡರ್, ಫಿಯಾಟ್, ಜೀಪು ಇಟ್ಟುಕೊಂಡವರು ಈ ಮಾತನ್ನು ಕಣ್ಣುಮುಚ್ಚಿ ನಂಬುತ್ತಾರೆ. ನಂಬಿಕೆ ಹುಟ್ಟಿದ್ದು ಎಲ್ಲಿಂದ ಎಂಬುದು ಗೊತ್ತಿರುವುದೇ. ಕೃಷ್ಣೆ ಉಕ್ಕಿದ 2005, 2019, 2021ರ ನೆನಪು ಜುಗೂಳ, ಮಂಗಾವತಿ, ಶಹಾಪುರದಂಥ ಹೊಳೆದಂಡೆಯ ಊರುಗಳಲ್ಲಿ ಇನ್ನೂ ಹಸಿಯಾಗಿದೆ. ನೀರಿಗೆ ಹೆದರಿದವರು ಗಾಡಿಯ ಮೈಯೆಲ್ಲ ಮೆತ್ತಿಸುತ್ತಾರೆ, ಮತ್ತು ಹಾಗೆ ಮೆತ್ತಿಸಿಯೇ ಚೆನ್ನಾಗಿದ್ದ ಡೈನಮೋ, ಸೆಲ್ಫ್, ವೈಪರ್ ಮೋಟಾರುಗಳನ್ನು ಹಾಳುಮಾಡಿಕೊಳ್ಳುತ್ತಾರೆ.

ಓಡಿದ ಗಾಡಿಯ ಮೋಟಾರು 70 ಡಿಗ್ರಿಗೆ ಕಾದಿದೆ ಎಂದುಕೊಳ್ಳಿ. ಅದು 25 ಡಿಗ್ರಿಗೆ ತಣಿದರೆ ಒಳಗೆ ಸಿಕ್ಕಿಕೊಂಡ ಗಾಳಿಯ ಒತ್ತಡ ಸುಮಾರು ಶೇ 13ರಷ್ಟು ಇಳಿಯುತ್ತದೆ. ಒಂದು ಮೀಟರಿಗೂ ಹೆಚ್ಚು ಎತ್ತರಕ್ಕೆ ನೀರನ್ನು ಎಳೆಯುವಷ್ಟು ಬಲ ಅದಕ್ಕಿದೆ. ಎಂ-ಸೀಲ್ ಗಡುಸು ವಸ್ತು. ಕಾದಾಗ ಅದು ಹಿಗ್ಗುವ ಪ್ರಮಾಣವೇ ಬೇರೆ, ಕಬ್ಬಿಣ, ಅಲ್ಯೂಮಿನಿಯಂ ಹಿಗ್ಗುವ ಪ್ರಮಾಣವೇ ಬೇರೆ, ಎಂಜಿನ್ನಿನ ನಡುಕವನ್ನು ಅದು ತಡೆದುಕೊಳ್ಳುವುದೂ ಇಲ್ಲ. ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ತಣಿಯುವ ಮೋಟಾರು ಅಲ್ಲಿಂದಲೇ ನೀರು ಹೀರುತ್ತದೆ. ಹೀರಿದ ನೀರು ಹೊರಗೆ ಬರುವುದು ಹೇಗೆ? ನೀರು ಇಳಿದುಹೋಗಲೆಂದು ಕೆಳಗಿದ್ದ ತೂತನ್ನು ನಾವೇ ಮುಚ್ಚಿದ್ದೇವಲ್ಲ.

ಬಿರುಕೇ ಬಿಡಲಿಲ್ಲ ಎನ್ನೋಣ. ಆಗಲೂ ನೀರಿಗೆ ದಾರಿ ಉಂಟು. ವೈರಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ಹತ್ತಾರು ತಾಮ್ರದ ಎಳೆಗಳಿರುತ್ತವೆ. ಎಳೆಗಳ ನಡುವಿನ ಸಂದಿಯಲ್ಲಿ ನೀರು ದೀಪದ ಬತ್ತಿಗೆ ಎಣ್ಣೆ ಏರಿದಂತೆ ಏರುತ್ತದೆ. ಒದ್ದೆಯಾದ ಹಳೆಯ ವೈರನ್ನು ಟರ್ಮಿನಲ್ಲಿನಿಂದ ಒಂದು ಗೇಣು ಸುಲಿದು ನೋಡಿ. ಹೊರಗೆ ಹೊದಿಕೆ ನೆಟ್ಟಗಿರುತ್ತದೆ, ಒಳಗೆ ತಾಮ್ರ ಕಪ್ಪಾಗಿರುತ್ತದೆ, ಬೆರಳಲ್ಲಿ ತಿಕ್ಕಿದರೆ ಹಸಿರು ಪುಡಿ ಅಂಟುತ್ತದೆ. ಇಂಥ ವೈರಿನ ಮೇಲೆ ಎಷ್ಟು ಮೆತ್ತಿದರೂ ಪ್ರಯೋಜನವಿಲ್ಲ. ಒಳ್ಳೆಯ ತಾಮ್ರ ಸಿಗುವವರೆಗೆ ಕತ್ತರಿಸಬೇಕು, ಇಲ್ಲವೇ ವೈರನ್ನೇ ಬದಲಿಸಬೇಕು.

ಡೈನಮೋದ ಎರಡೂ ತುದಿಯ ತೂತುಗಳನ್ನು ಮುಚ್ಚುವವರನ್ನು ಕಂಡರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಪುಲ್ಲಿಯ ಹಿಂದಿನ ಫ್ಯಾನು ಸೆಳೆಯುವ ಗಾಳಿ ಹಾದುಹೋಗುವುದೇ ಅವುಗಳ ಮೂಲಕ. ಮುಚ್ಚಿದರೆ ಸುರುಳಿಗಳ ವಾರ್ನಿಷ್ ಸುಡುತ್ತದೆ, ಬ್ರಷ್ ಸವೆದ ಕಾರ್ಬನ್ ಪುಡಿ ಒಳಗೇ ಉಳಿಯುತ್ತದೆ. ಆ ಪುಡಿಗೆ ಪಸೆ ತಗುಲಿದರೆ ಕರೆಂಟ್ ಅದರ ಮೇಲೆಯೇ ಹರಿದು ಬಾಡಿಗೆ ಸೋರುತ್ತದೆ. ಡಿಸ್ಟ್ರಿಬ್ಯೂಟರಿನ ಕತೆಯೂ ಹೆಚ್ಚುಕಡಿಮೆ ಇದೇ. ಅದರೊಳಗೆ ಸದಾ ಕಿಡಿ ಹಾರುತ್ತದೆ, ಕಿಡಿಯಿಂದ ಓಝೋನ್ ಮತ್ತು ಸಾರಜನಕದ ಆಕ್ಸೈಡುಗಳು ಹುಟ್ಟುತ್ತವೆ. ಅವು ಹೊರಹೋಗದೆ ತೇವದೊಡನೆ ಸೇರಿದರೆ ಲೋಹ ತಿನ್ನುವ ಆಮ್ಲ ತಯಾರಾಗುತ್ತದೆ.

ಎಂ-ಸೀಲ್ ಬಿಟ್ಟವರು ಸಿಲಿಕೋನ್ ಟ್ಯೂಬು ಹಿಡಿಯುತ್ತಾರೆ. ಹಾರ್ಡ್‌ವೇರ್ ಅಂಗಡಿಯ ಅಗ್ಗದ ಸಿಲಿಕೋನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದಲ್ಲ, ಅದು ಅಸಿಟಿಕ್ ಆಮ್ಲ, ತಾಮ್ರವನ್ನು ತಿನ್ನುತ್ತದೆ. ಸಿಲಿಕೋನ್ ಬೇಕೇ ಬೇಕೆಂದರೆ ಆ ವಾಸನೆಯಿಲ್ಲದ ನ್ಯೂಟ್ರಲ್ ಜಾತಿಯದನ್ನು ತನ್ನಿ.

ರಿಪೇರಿ ಮೊದಲು ಬಿಚ್ಚುವುದರಿಂದ ಶುರುವಾಗಬೇಕು. ಹೊಳೆನೀರು ಹೊಕ್ಕ ಡೈನಮೋದಲ್ಲಿ ನುಣ್ಣನೆಯ ಕಪ್ಪು ರಾಡಿ ಕೂತಿರುತ್ತದೆ. ‘ಕರೆಂಟಿನ ಸಾಮಾನಿಗೆ ನೀರು ಮುಟ್ಟಿಸಬಾರದು’ ಎಂದು ಅದನ್ನು ಒಣಗಲು ಬಿಡುವವರಿದ್ದಾರೆ. ತಪ್ಪು. ರಾಡಿ ಹಸಿ ಇರುವಾಗಲೇ ಶುದ್ಧ ನೀರಿನಲ್ಲಿ ತೊಳೆಯಬೇಕು. ಆಗಸ್ಟಿನ ಮೋಡದ ಬಿಸಿಲು ಸುರುಳಿಯ ಒಳಗಿನ ತೇವ ತೆಗೆಯುವುದಿಲ್ಲ, ಆದ್ದರಿಂದ ನೂರು ಡಿಗ್ರಿ ದಾಟದ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಬೇಕು. ಆಮೇಲೆ ವೈಂಡಿಂಗ್ ಅಂಗಡಿಯಲ್ಲಿ ಸೀರೀಸ್ ಲ್ಯಾಂಪ್ ಅಥವಾ ಮೆಗ್ಗರ್ ಹಚ್ಚಿ ಬಾಡಿಗೆ ಸೋರಿಕೆ ಇಲ್ಲವೆಂದು ಖಾತ್ರಿ ಮಾಡಿಸಿ, ಇನ್ಸುಲೇಟಿಂಗ್ ವಾರ್ನಿಷ್ ಕುಡಿಸಬೇಕು. ಸೀಲ್ ಹಾಕಬೇಕಾದ ಜಾಗಗಳು ಕಡಿಮೆ: ವೈರು ಒಳಹೋಗುವ ರಬ್ಬರ್ ಗ್ರೊಮೆಟ್, ವೈಪರ್ ಗೇರಿನ ಮುಚ್ಚಳದ ಪ್ಯಾಕಿಂಗ್, ಹೆಡ್‌ಲೈಟಿನ ಹಿಂದಿನ ರಬ್ಬರು. ಹಳತು ಬಿರುಸಾಗಿದ್ದರೆ ಹೊಸದು ಹಾಕಿ. ಕೆಳಗಿನ ತೂತು ತೆರೆದೇ ಇರಲಿ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಫ್ಯೂಸಿಗೆ ಸಿಗರೇಟಿನ ಬೇಗಡೆ ಸುತ್ತಿದರೆ ಮುಂದಿನ ಸಲ ಸುಡುವುದು ವೈರಿಂಗ್. ಕಮ್ಯುಟೇಟರನ್ನು ಎಮರಿ ಕಾಗದದಿಂದ ತಿಕ್ಕಿದರೆ ಅದರ ಕಣಗಳು ತಾಮ್ರದಲ್ಲಿ ಕಚ್ಚಿಕೊಂಡು ಬ್ರಷ್ ತಿನ್ನುತ್ತವೆ, ನುಣುಪಾದ ಗ್ಲಾಸ್‌ಪೇಪರ್ ಬಳಸಿ. ಲೈಟು ಮಂದವಾದರೆ ಡೈನಮೋ ವೀಕ್ ಎಂಬ ತೀರ್ಪು ಬೇಡ, ಮೊದಲು ಅರ್ಥಿಂಗ್ ನೋಡಿ: 60 ವ್ಯಾಟಿನ ಬಲ್ಬು 5 ಆಂಪಿಯರ್ ಎಳೆಯುತ್ತದೆ, ತುಕ್ಕು ಹಿಡಿದ ಬೋಲ್ಟಿನಲ್ಲಿ 0.2 ಓಮ್ ಅಡ್ಡಿ ಇದ್ದರೆ ಒಂದು ವೋಲ್ಟ್ ಅಲ್ಲೇ ಖರ್ಚಾಗುತ್ತದೆ, ಬೆಳಕು ಕಾಲು ಭಾಗ ಇಳಿಯುತ್ತದೆ.

ಇಷ್ಟು ಹೇಳಿದರೂ ಮೆತ್ತುವುದು ನಿಲ್ಲುತ್ತಿಲ್ಲ, ಯಾಕೆಂದರೆ ಮೆತ್ತಿದ್ದು ಕಣ್ಣಿಗೆ ಕಾಣುತ್ತದೆ. ಬಿಚ್ಚಿ, ತೊಳೆದು, ಒಣಗಿಸಿ, ವಾರ್ನಿಷ್ ಕುಡಿಸಿದ ಮೇಸ್ತ್ರಿಯ ಮೂರು ದಿನದ ಕೆಲಸ ಹೊರಗಿನಿಂದ ಕಾಣುವುದಿಲ್ಲ, ಅವನ ಮಜೂರಿಗೆ ನಾವು ಚೌಕಾಸಿ ಮಾಡುತ್ತೇವೆ. ಮೇಲೆ ಬೆಳ್ಳಿ ಬಣ್ಣ ಹೊಡೆದು ಸುತ್ತ ಮೆತ್ತಿ ಕೊಟ್ಟವನಿಗೆ ಕೇಳಿದಷ್ಟು ಎಣಿಸುತ್ತೇವೆ. ಮೊಬೈಲಿನಲ್ಲಿ ಯಾರೋ ಬಕೆಟ್ ನೀರಿನಲ್ಲಿ ಮೋಟಾರು ಮುಳುಗಿಸಿ ತಿರುಗಿಸಿದ ವಿಡಿಯೊ ಬಂದರೆ ಅದೇ ಪುರಾವೆ. ಆ ಮೋಟಾರು ಆರು ತಿಂಗಳ ಮೇಲೆ ಹೇಗಿತ್ತು ಎಂದು ಒಬ್ಬರೂ ಕೇಳುವುದಿಲ್ಲ. ಅಂಬಾಸಿಡರ್ ತಯಾರಿಕೆ 2014ಕ್ಕೇ ನಿಂತಿದೆ. ಮೆತ್ತಿ ಕೆಡಿಸಿದ ಹಳೆಯ ಡೈನಮೋಗೆ ಬದಲಿ ಹುಡುಕುತ್ತ ಗುಜರಿ ಅಂಗಡಿ ಅಲೆಯಬೇಕಾಗುತ್ತದೆ.

ಹೊಳೆಯ ನೀರು ಹೇಳದೆ ಬರುವುದಿಲ್ಲ. ಕೊಯ್ನಾದಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬರುತ್ತಿದೆ ಎಂಬುದನ್ನು ಈ ಭಾಗದ ಜನ ಮಳೆಗಾಲದುದ್ದಕ್ಕೂ ಕೇಳುತ್ತಲೇ ಇರುತ್ತಾರೆ. ಗಾಡಿಯನ್ನು ಎತ್ತರಕ್ಕೆ ಒಯ್ಯಲಾಗದಿದ್ದರೆ ಬ್ಯಾಟರಿ ಬಿಚ್ಚಿ ಮನೆಯ ಅಟ್ಟಕ್ಕೆ ಇಡಿ. ಬ್ಯಾಟರಿ ಜೋಡಿಸಿದ್ದಂತೆಯೇ ಮುಳುಗಿದರೆ ಕರೆಂಟ್ ನೀರಿನೊಳಗೇ ಹರಿದು ಪಾಸಿಟಿವ್ ಕಡೆಯ ತಾಮ್ರವನ್ನು ಕರಗಿಸುತ್ತದೆ. ಸಮಯ ಉಳಿದರೆ ಡೈನಮೋ, ಸೆಲ್ಫ್ ಎರಡನ್ನೂ ಇಳಿಸಿ. ಹಳೆಯ ಪೆಟ್ರೋಲ್ ಅಂಬಾಸಿಡರಿನಲ್ಲಿ ಕೆಲವೇ ಬೋಲ್ಟುಗಳ ಕೆಲಸ ಅದು.